ಪುರಿ ಅಂಗಡಿಗೆ ಬಂದ ಸಿಪಾಯಿ

೧೯೬೪ ಫೆಬ್ರವರಿ ೧೦, ಸೋಮವಾರ

ಯಾರದು ಓದುತ್ತಿರುವುದು? ಮುಚ್ಚು ಪುಸ್ತಕ. ಸೊಸೆ ಮಂಗಮ್ಮ ಆಗಿದ್ದರೆ, ಬಂಗಾರಪೇಟೆಯಿಂದ ರೈಲು ಹತ್ತಿ ಬಂದದ್ದು ಅತ್ತೆಯ ಆರೋಗ್ಯ ಕೇಳಲೋ, ಅತ್ತೆಯ ಪೆಟ್ಟಿಗೆ ಕೆದಕಲೋ? ಮಗ ಸೊಣ್ಣಪ್ಪ ಆಗಿದ್ದರೆ, ಹೆತ್ತವಳ ಮುಖ ನೋಡಲು ಪುರುಸೊತ್ತಿಲ್ಲದವನಿಗೆ ಅವಳ ಅಕ್ಷರ ನೋಡಲು ಎಲ್ಲಿಂದ ಬಂತು ಪುರುಸೊತ್ತು? ಬೇರೆ ಯಾರೇ ಆಗಿರಲಿ, ನಾಚಿಕೆಯಾಗಲಿ. ಇದು ನನಗೋಸ್ಕರ ನಾನು ಬರೆದುಕೊಳ್ಳುವುದು. ಮೊಮ್ಮಗಳು ಅರ್ಧ ಬರೆದು ಬಿಸಾಡಿದ್ದ ನೋಟ್‌ಬುಕ್ಕು ಇದು. ನಾನೂ ಮೂರನೇ ಕ್ಲಾಸಿನವರೆಗೆ ಓದಿದವಳೇ. ನಮ್ಮಪ್ಪ ಮೇಷ್ಟರಿಗೆ ತಿಂಗಳಿಗೆ ಮೂರು ಸೇರು ಪುರಿ ಕೊಟ್ಟು ಕಲಿಸಿದ ಅಕ್ಷರ. ಗುಂಡಗಿದೆಯಲ್ಲ? ನೋಡಿದೆಯಲ್ಲ? ಇನ್ನು ಮುಚ್ಚು.

ಇವತ್ತು ಅಂಗಡಿಗೆ ಜಮಾದಾರ್ ಕೋದಂಡಪ್ಪ ಬಂದಿದ್ದ. ಪಲ್ಟನ್ನಿನಿಂದ ರಿಟೈರಾಗಿ ಹತ್ತು ವರ್ಷವಾದರೂ ಕಾಲು ಸೇರು ಕಡಲೆ ಕೊಳ್ಳಲು ಬರುವಾಗಲೂ ಕೋಟಿನ ಮೇಲೆ ಪದಕ ಸಿಕ್ಕಿಸಿಕೊಂಡು ಬರುವ ಮನುಷ್ಯ. ಮಿಲಿಟರಿಯಿಂದ ವಾಪಸು ಬಂದವರಿಗೆ ಅಂಗಡಿ ಮುಂಗಟ್ಟು ಹಾಕಿಸಿಕೊಡಲು ಒಂದು ಸಮಿತಿ ಮಾಡಿಕೊಂಡಿದ್ದಾನೆ. ಆಂಡರ್ಸನ್‌ಪೇಟೆಯಲ್ಲಿ ಒಬ್ಬನಿಗೆ ಹೊಲಿಗೆ ಮಿಷನ್ನು ಕೊಡಿಸಿದ್ದಾನೆ, ಬಂಗಾರಪೇಟೆಯಲ್ಲಿ ಇನ್ನೊಬ್ಬನಿಗೆ ಸೈಕಲ್ ಶಾಪು. ಜನ ಅವನನ್ನು ಕಂಡರೆ ಕೈ ಮುಗಿಯುತ್ತಾರೆ. ನಾನು ಮುಗಿಯಲಿಲ್ಲ. ಮೊರ ಹಿಡಿದಿದ್ದೆ.

ಹಿಂದೆ ಒಬ್ಬ ಉದ್ದನೆಯ ಆಳು ನಿಂತಿದ್ದ. ಚಾಂಪಿಯನ್ ರೀಫ್ಸಿನ ಕುಪ್ಪುಸ್ವಾಮಿಯಂತೆ, ಚಿನ್ನದ ಗಣಿ ಕೆಲಸದವರ ಮಗ. ಚೀನಾದವರ ಮೇಲೆ ಹೋದಾಗ ಮಂಜಿನಲ್ಲಿ ಕಾಲು ಕೊಳೆತು ಬೆರಳೆಲ್ಲ ಕತ್ತರಿಸಿದರಂತೆ. ಗಣಿಯಲ್ಲಿ ಇಳಿಸಿಕೊಳ್ಳುವುದಿಲ್ಲ.

"ಅಕ್ಕಯ್ಯಮ್ಮನೋರೇ, ನಿಮ್ ಕೈವಿದ್ಯೇನ ಇವನಿಗೂ ಒಂದಿಷ್ಟು ಕಲ್ಸಿ. ದೇಶಕ್ಕೆ ಕಾಲು ಕೊಟ್ಟೋನು."

"ಕಾಲು ಕೊಟ್ಟೋನಿಗೆ ಕೂತು ಮಾಡೋ ಕೆಲ್ಸ ಕೊಡ್ಸಪ್ಪಾ. ಪುರಿ ಅರಳ್ಸೋದು ನಿಂತು ಮಾಡೋ ಕೆಲ್ಸ."

"ನಿಮ್ಗೂ ಮಂಡಿ ನೋವು ಅಲ್ವಾ? ಒಬ್ರಿಗೊಬ್ರು ಆಸರೆ."

ನನ್ನ ಮಂಡಿಯ ಸುದ್ದಿ ಇವನಿಗೆ ಯಾರು ಹೇಳಿದರು? ಪಕ್ಕದ ಎಲೆಅಡಿಕೆ ಅಂಗಡಿಯ ಪಾಪಕ್ಕನೇ ಇರಬೇಕು, ಅವಳ ಬಾಯಿಗೆ ಬೀಗ ಇಲ್ಲ. ಒಪ್ಪಿಕೊಂಡೆ. ಯಾಕೆ ಒಪ್ಪಿದೆನೋ! ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಈ ಜಾಗ ನಮ್ಮ ಯಜಮಾನರು ಚಿಕ್ಕವೆಂಕಟಪ್ಪನವರು ಹಿಡಿದದ್ದು. ಮೂವತ್ತೊಂದು ವರ್ಷವಾಯಿತು. ಅವರು ಹೋದ ಮೇಲೂ ನಾನು ಬಿಡಲಿಲ್ಲ. ಈ ಜಾಗ ಇರುವ ತನಕ ನಾನು ಸೊಸೆಯ ಮನೆಯ ಮೂಲೆಯಲ್ಲಿ ಕೂತು ತಟ್ಟೆಗೆ ಕಾಯಬೇಕಾಗಿಲ್ಲ.

೧೯೬೪ ಫೆಬ್ರವರಿ ೧೩, ಗುರುವಾರ

ಕಂಬ. ಅವನಿಗೆ ಇನ್ನೊಂದು ಹೆಸರು ಬೇಡ.

ಬೆಳಿಗ್ಗೆಯಿಂದ ಅಂಗಡಿ ಮುಂದೆ ಎದೆ ಸೆಟೆದು ನಿಂತಿದ್ದಾನೆ. ಕೊಳ್ಳಲು ಬಂದವರು ಪೊಲೀಸಿನವನೆಂದು ಸುತ್ತು ಹಾಕಿಕೊಂಡು ಹೋಗುತ್ತಾರೆ. ಒಬ್ಬಳು ಧೈರ್ಯ ಮಾಡಿ ಬಂದು ಒಂದು ಸೇರು ಪುರಿ ಅಳೆಸಿಕೊಂಡು, ಎಲ್ಲರೂ ಕೇಳುವ ಹಾಗೆ, "ಇನ್ನೊಂದಿಡಿ ಆಕಪ್ಪಾ" ಎಂದಳು.

"ಅಳತೆ ಸರಿಯಾ ಇದೆ. ನೆಕ್ಸ್ಟ್!"

ನೆಕ್ಸ್ಟ್ ಅಂತೆ! ಅವಳು ಪುರಿಯನ್ನು ಸೆರಗಿನಿಂದ ಮತ್ತೆ ಮೊರಕ್ಕೆ ಸುರಿದು ಹೊರಟೇ ಹೋದಳು.

"ಲೋ ಕಂಬ, ಕೊಸರು ಅಂದ್ರೆ ಗೊತ್ತೇನ್ಲಾ? ಅಳತೆ ಆದ್ಮೇಲೆ ಆಕೋ ಒಂದಿಡಿ. ಅಳತೆಗೆ ಕಾಸು ಕೊಡ್ತಾರೆ, ಕೊಸರಿಗೋಸ್ಕರ ನಾಳೆ ತಿರ್ಗಾ ಬತ್ತಾರೆ."

"ಮಿಲಿಟ್ರಿ ಸ್ಟೋರಲ್ಲಿ ಅಪ್ಪಡಿ ಜಾಸ್ತಿ ಕೊಟ್ಟಾ ಶಿಕ್ಷೆ, ಪಾಟಿ."

ಪಾಟಿ ಅಂದರೆ ಅವರ ತಮಿಳಿನಲ್ಲಿ ಅಜ್ಜಿ. ನಾನು ಯಾವನಿಗೂ ಪಾಟಿ ಅಲ್ಲ ಎಂದೆ. "ಸರಿ ಪಾಟಿ" ಎಂದ. ಏನು ಹೇಳಿದರೂ ಸರಿ ಪಾಟಿ. ಬೈದರೂ ಸರಿ ಪಾಟಿ. ಬೈಯುವುದರಲ್ಲಿ ಸುಖವೇ ಇಲ್ಲ.

೧೯೬೪ ಮಾರ್ಚ್ ೧, ಭಾನುವಾರ

ಸಂಬಳದ ವಾರ, ಮಾರ್ಕೆಟ್ಟು ಜೇನುಗೂಡಿನ ಹಾಗೆ. ಕಂಬ ಏನು ಮಾಡಿದ ಗೊತ್ತೇ? ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ಎಲ್ಲರನ್ನೂ ಒಬ್ಬರ ಹಿಂದೆ ಒಬ್ಬರು ನಿಲ್ಲಿಸಿದ. ಗಣಿಯವರು, ಹೆಂಗಸರು, ಹಳ್ಳಿಯಿಂದ ಬಂದ ಗೌಡರು ಎಲ್ಲ ಸಾಲಿನಲ್ಲಿ! ಪಾಪಕ್ಕ ಎಲೆ ಜೋಡಿಸುವುದು ಬಿಟ್ಟು ನಗುತ್ತಾಳೆ. "ಅಕ್ಕಾ, ನಿನ್ ಪುರಿಗೆ ಈಗ ಪೆರೇಡು ಮಾಡ್ಬೇಕಾ?"

ನನಗೆ ಇಷ್ಟವಾಗಲಿಲ್ಲ. ಅಂಗಡಿ ಮುಂದೆ ಕೂಗಾಟ ಇದ್ದರೇ ಅದು ಅಂಗಡಿ. ಗೆರೆಯನ್ನು ಸಾಯಂಕಾಲ ಸಗಣಿ ನೀರು ಹಾಕಿ ಸಾರಿಸಿಬಿಟ್ಟೆ.

೧೯೬೪ ಏಪ್ರಿಲ್ ೫, ಭಾನುವಾರ

ಮರಳಿನ ವಿದ್ಯೆ ಅವನಿಗೆ ಹತ್ತಿತು. ಮೂರು ಬಾಣಲೆ ಅಕ್ಕಿ ಸುಟ್ಟು ಕರಿ ಮಾಡಿದ ಮೇಲೆ ಹತ್ತಿತು. ಉಪ್ಪು ನೀರು ಹಿಡಿಸಿದ ಅಕ್ಕಿಯನ್ನು ಕಾದ ಮರಳಿಗೆ ಹಾಕಿದಾಗ ಮೊದಲು ಒಂದು ಕಾಳು ಮಾತಾಡಬೇಕು, ಆಮೇಲೆ ಮಿಕ್ಕವು. ಒಟ್ಟಿಗೆ ಎಲ್ಲ ಸಿಡಿದರೆ ಮರಳು ಹೆಚ್ಚು ಕಾದಿದೆ ಎಂದು ಲೆಕ್ಕ. ಇದನ್ನು ಕಣ್ಣಿನಲ್ಲಿ ಅಲ್ಲ, ಕಿವಿಯಲ್ಲಿ ಹಿಡಿಯಬೇಕು ಎಂದು ಹೇಳಿಕೊಟ್ಟೆ. ಅವನು ಕಣ್ಣು ಮುಚ್ಚಿ ನಿಂತ. ಇವತ್ತು ಬಂದ ಪುರಿ ಮಲ್ಲಿಗೆ ಮೊಗ್ಗಿನ ಹಾಗಿತ್ತು. ಹೊಗಳಲಿಲ್ಲ. ಹೊಗಳಿದರೆ ಮರಳು ಆರಲು ಬಿಟ್ಟುಬಿಡುತ್ತಾನೆ.

ಮಧ್ಯಾಹ್ನ ಬೂಟು ಬಿಚ್ಚಿ ಕೂತಿದ್ದ. ಕಾಲು ನೋಡಿದೆ. ಅದನ್ನು ಬರೆಯುವುದಿಲ್ಲ.

ನಾಳೆಯಿಂದ ಊಟ ಇಲ್ಲೇ ಮಾಡು, ಒಬ್ಬಳಿಗೆ ಕಟ್ಟುವ ಮುದ್ದೆಯಲ್ಲಿ ಅರ್ಧ ಉಳಿದು ದಂಡವಾಗುತ್ತದೆ ಎಂದೆ.

೧೯೬೪ ಜೂನ್ ೧೬, ಮಂಗಳವಾರ

ಕುಪ್ಪು ಹೇಳಿದ ಉಪಾಯ ಫಲಿಸಿತು. ಪಾಳಿ ಬಿಡುವ ಗಣಿಯ ಕೂಗು ಆಗುವ ಹೊತ್ತಿಗೆ ಸರಿಯಾಗಿ ಚಾಂಪಿಯನ್ ರೀಫ್ಸಿನ ಗೇಟಿನ ಹತ್ತಿರ ಇಬ್ಬರೂ ಬುಟ್ಟಿ ಇಟ್ಟೆವು. ಪುರಿ, ಹುರಿಗಡಲೆ, ಕಡಲೆಕಾಯಿ ಬೀಜ ಕಲಸಿ ಕಾಗದದ ಪೊಟ್ಟಣ ಕಟ್ಟಿದ್ದೆವು. ನೆಲದೊಳಗಿನಿಂದ ಮೇಲೆ ಬಂದವನಿಗೆ ಮೊದಲು ಹಸಿವು, ಆಮೇಲೆ ಹೆಂಡತಿ ಮಕ್ಕಳು. ಕುಪ್ಪುವಿಗೆ ಎಲ್ಲರ ಹೆಸರೂ ಗೊತ್ತು. "ಏ ಪೆರುಮಾಳ್, ವಾಡಾ, ಪಾಟಿ ಕೈದು ಪೊರಿ!" ಎಂದು, ಬಾರೋ ಅಜ್ಜಿ ಕೈಯ ಪುರಿ ಎಂದು, ಕೂಗುತ್ತಾನೆ. ನಾಲ್ಕು ತಿಂಗಳ ಹಿಂದೆ ಬಾಯಿ ಹೊಲಿದುಕೊಂಡಿದ್ದವನು ಇವನೇನಾ?

ಕೊಸರೂ ಹಾಕುತ್ತಾನೆ ಈಗ. ನನಗಿಂತ ಅವನ ಹಿಡಿ ದೊಡ್ಡದು. ಅದಕ್ಕೆ ಬೈದೆ.

ಜಮಾದಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದವನು ನಮ್ಮನ್ನು ನೋಡಿ ನಿಂತ. ಕುಪ್ಪು ಕೈಯಲ್ಲಿದ್ದ ಪೊಟ್ಟಣಗಳನ್ನು ಬುಟ್ಟಿಗೆ ಬಿಟ್ಟು ನೆಟ್ಟಗೆ ನಿಂತುಬಿಟ್ಟ. ಜಮಾದಾರ್ ತಿರುವಿನಲ್ಲಿ ಮರೆಯಾಗುವ ತನಕ ಒಂದು ಪೊಟ್ಟಣವೂ ಮಾರಾಟವಾಗಲಿಲ್ಲ.

೧೯೬೪ ಆಗಸ್ಟ್ ೯, ಭಾನುವಾರ

ಜಮಾದಾರ್ ಆಂಡರ್ಸನ್‌ಪೇಟೆಯ ನನ್ನ ಮನೆಗೇ ಬಂದ. ಮಾರ್ಕೆಟ್ ಆಫೀಸಿನವರು ಜಾಗಗಳ ಚೀಟಿ ಹೊಸದಾಗಿ ಬರೆಯುತ್ತಾರಂತೆ. ಸತ್ತವರ ಹೆಸರಿನಲ್ಲಿರುವುದನ್ನು ತೆಗೆದು ಹರಾಜು ಹಾಕುತ್ತಾರಂತೆ. ನಮ್ಮದು ಇನ್ನೂ ಯಜಮಾನರ ಹೆಸರಿನಲ್ಲೇ ಇದೆ. ಹಾಗಾದರೆ ನನ್ನ ಗತಿ ಏನು ಎಂದೆ.

"ಎದ್ರ್ಕೊಬೇಡಿ ಅಕ್ಕಯ್ಯಮ್ಮನೋರೇ. ಮಿಲಿಟ್ರಿಯಿಂದ ಬಂದೋರಿಗೆ ಅಂತ ಎರಡು ಮೂರು ಜಾಗ ಆರಾಜಿಲ್ದೆ ಕೊಡ್ತಾರೆ. ನೀವು ಕುಪ್ಪುಸ್ವಾಮಿಗೆ ಬಿಟ್ಕೊಟ್ಟಿದ್ದೀನಿ ಅಂತ ಒಂದು ಕಾಗ್ದ ಬರೀರಿ. ಎಸರು ಅವ್ನುದು, ಅಂಗ್ಡಿ ನಿಮ್ದು. ಯಾವತ್ತಿನಂಗೆ ಇಬ್ರೂ ಕೂತ್ಕೊಳ್ಳಿ."

ಟೈಪು ಮಾಡಿಸೋಣ, ಹೆಬ್ಬೆಟ್ಟು ಸಾಕು ಎಂದ. ಹೆಬ್ಬೆಟ್ಟೇ? ನನ್ನದೇ? ನಾನೇ ಬರೆಯುತ್ತೇನೆ, ನೀನು ಹೇಳು ಎಂದೆ. ಅವನು ಹೇಳಿದ, ನಾನು ಬರೆದೆ. 'ನನಗಾಗಲಿ ನನ್ನ ವಂಶದವರಿಗಾಗಲಿ ಇನ್ನು ಮುಂದೆ ಸದರಿ ಜಾಗದ ಮೇಲೆ ಯಾವ ಹಕ್ಕೂ ಇರುವುದಿಲ್ಲ.' ವಂಶದ ಅನುಸ್ವಾರ, ಹಕ್ಕಿನ ಒತ್ತು, ಒಂದೂ ತಪ್ಪಲಿಲ್ಲ. ಜಮಾದಾರ್ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ. "ಅಬ್ಬಾ, ಏನು ಅಕ್ಷರ ಅಕ್ಕಯ್ಯಮ್ಮನೋರೇ! ಆಫೀಸ್ನಾಗೆ ಗುಮಾಸ್ತರಿಗೆ ತೋರಿಸ್ಬೇಕು." ಇಷ್ಟು ವರ್ಷದಲ್ಲಿ ನನ್ನ ಅಕ್ಷರವನ್ನು ಹೊಗಳಿದ ಮೊದಲ ಮನುಷ್ಯ ಅವನು. ಸುಳ್ಳೇಕೆ, ಖುಷಿಯಾಯಿತು. ಕಾಫಿ ಕಾಸಿ ಕೊಟ್ಟೆ.

ಆದರೂ ಅವನು ಹೋದ ಮೇಲೆ ಅಂಗಡಿಗೆ ಹೋಗಿ ಅಳೆಯುವ ಸೇರನ್ನು ಕುಪ್ಪುವಿನ ಮುಂದೆ ಇಟ್ಟೆ. ನಮ್ಮ ಕಸುಬಿನವರು ಸೇರು ಮುಟ್ಟಿ ಹೇಳಿದರೆ ಅದಕ್ಕಿಂತ ದೊಡ್ಡ ಆಣೆ ಇಲ್ಲ.

"ಪಾಟಿ ಇರೋವರ್ಗೂ ಪಾಟಿ ಜಾಗಾನೇ" ಎಂದ, ಸೇರಿನ ಮೇಲೆ ಕೈಯಿಟ್ಟು. ಕೈ ಬಿಸಿಯಾಗಿತ್ತು, ಬಾಣಲೆ ಬಿಟ್ಟು ಬಂದಿದ್ದನಲ್ಲ.

೧೯೬೪ ಸೆಪ್ಟೆಂಬರ್ ೨೧, ಸೋಮವಾರ

ಅಂಗಡಿ ಹೋಯಿತು.

ಬೆಳಿಗ್ಗೆ ಹೋದರೆ ನನ್ನ ಒಲೆ ಒಡೆದು ಮಣ್ಣನ್ನು ಮೋರಿಗೆ ಎಳೆದಿದ್ದಾರೆ. ಬಾಣಲೆ, ಜರಡಿ, ಸೇರು ಎಲ್ಲ ಪಾಪಕ್ಕನ ಅಂಗಡಿಯ ಮುಂದೆ ಗುಡ್ಡೆ. ಇಬ್ಬರು ಬಡಗಿಗಳು ಬೀರು ಕೂರಿಸುತ್ತಿದ್ದರು. ಜಮಾದಾರನ ಷಡ್ಡಕ ಮುನಿಸ್ವಾಮಪ್ಪ ಸಿದ್ಧ ಉಡುಪಿನ ಅಂಗಡಿ ಇಡುತ್ತಾನಂತೆ. ಕುಪ್ಪುಸ್ವಾಮಿ ತನ್ನ ಹೆಸರಿನ ಜಾಗವನ್ನು ಅವನಿಗೆ ವಹಿಸಿಕೊಟ್ಟು ಸೈನು ಹಾಕಿದ್ದಾನಂತೆ.

ಬರೆಯಲು ಆಗುವುದಿಲ್ಲ.

೧೯೬೪ ಸೆಪ್ಟೆಂಬರ್ ೨೨, ಮಂಗಳವಾರ

ಜಮಾದಾರನ ಮನೆಗೆ ಹೋದೆ. ಅವನು ಗದರಲಿಲ್ಲ, ಬಾಗಿಲು ಹಾಕಿಕೊಳ್ಳಲೂ ಇಲ್ಲ. ಕುರ್ಚಿ ಹಾಕಿ ಕೂರಿಸಿ ನನ್ನ ಕಾಗದವನ್ನೇ ನನಗೆ ತೋರಿಸಿದ.

"ನಿಮ್ ಅಕ್ಷರಾನೇ ಅಲ್ವಾ? ಎಷ್ಟು ಮುದ್ದಾಗೈತೆ ನೋಡಿ. ಯಾವ ಅಕ್ಕೂ ಇಲ್ಲ ಅಂತ ನೀವೇ ಬರ್ದಿದ್ದೀರಿ. ನಾನೇನ್ ಕೈ ಇಡ್ದು ಬರ್ಸಿದ್ನಾ?"

"ಆ ಪದಕ ಯಾವ ಯುದ್ಧದ್ದಪ್ಪಾ?" ಎಂದು ಕೇಳಿದೆ. "ಅಲ್ಲೂ ಇಂಗೇ ಕಾಗ್ದ ಬರ್ಸ್ಕೊಂಡು ಗೆದ್ಯಾ?"

ಎದ್ದು ಬಾಗಿಲ ತನಕ ಬಂದು ಕಳಿಸಿಕೊಟ್ಟ. ದಾರಿಯಲ್ಲಿ ಮಂಡಿ ಹಿಡಿದುಕೊಂಡು ಎರಡು ಕಡೆ ಕೂತೆ.

೧೯೬೪ ಸೆಪ್ಟೆಂಬರ್ ೨೪, ಗುರುವಾರ

ಅವನು ಬಂದ. ಹೊಸಲಿನ ಹೊರಗೆ ನೆಟ್ಟಗೆ ನಿಂತ. ಒಳಗೆ ಬಾ ಎನ್ನಲಿಲ್ಲ.

"ಯಾವತ್ತಾಕ್ದೆ ಸೈನು?"

"ಶುಕ್ರವಾರ, ಪಾಟಿ."

"ಶನಿವಾರ ನನ್ನ ಎದುರ್ಗೆ ಕೂತು ಉಳ್ಳಿಕಾಳು ಸಾರು ಉಂಡೆ. ಭಾನ್ವಾರ ಎರಡ್ನೇ ಸಲ ಆಕಿಸ್ಕೊಂಡೆ. ನಾಲ್ಗೆ ಎಲ್ಲಿ ಮಡ್ಗಿದ್ಯೋ?"

"ಜಮಾದಾರ್ ಸಾಬ್ ಯಾರ್ಕೂ ಸೊಲ್ಲಬೇಡ ಅಂದ್ರು. ಇನ್ನೂ ನಾಲ್ಕು ಜನ ಸಿಪಾಯಿಗಳಿಗೆ ಇದರಿಂದ ಸಹಾಯ ಆವುತ್ತೆ ಅಂದ್ರು. ಪಾಟಿಗೆ ನಾನ್ ಏಳ್ತೀನಿ, ನೀನು ಸುಮ್ನಿರು ಅಂದ್ರು. ಆರ್ಡರ್, ಪಾಟಿ."

"ಸರ್ಕಾರದೋರು ನಿನ್ನ ಮನೆಗ್ ಕಳಿಸಿ ವರ್ಷ ಆಯ್ತು ಕಣ್ಲಾ! ಇನ್ಯಾವ ಆರ್ಡರು? ಇಂಗ್ಲೀಷ್ ಕಾಗ್ದ ಅಂತ ಓದ್ದೆನೇ ಆಕ್ದ್ಯಾ?"

"ಓದಿದೆ, ಪಾಟಿ."

ಓದಿದ್ದನಂತೆ. ಅದೇ ನನ್ನನ್ನು ಸೀಳಿದ್ದು. ಗೊತ್ತಿಲ್ಲದೆ ಹಾಕಿದೆ ಎಂದಿದ್ದರೆ ಎರಡು ಬೈದು ಬಿಡುತ್ತಿದ್ದೆನೇನೋ.

"ಅವ್ರು ಮುಂದೆ ನಿಂತು ಇಲ್ಲಿ ಅಂತ ಬೆರಳು ತೋರಿಸಿದ್ರೆ, ಕೈ ತಾನಾಗೇ ಓಗುತ್ತೆ ಪಾಟಿ. ಹದಿನಾಲ್ಕು ವರ್ಷ ಅಂಗೇ ಆಕಿರೋದು. ಬಟ್ಟೆಗೆ, ಸಂಬಳಕ್ಕೆ, ಕಾಲು ಕತ್ತರಿಸೋಕೂ ಅಂಗೇ ಸೈನ್ ಆಕಿದ್ದು."

ಬಾಗಿಲು ಹಾಕಿದೆ. ಬೂಟು ಹೊರಟ ಸದ್ದು ಬಹಳ ಹೊತ್ತಾದ ಮೇಲೆ ಕೇಳಿಸಿತು.

೧೯೬೪ ಅಕ್ಟೋಬರ್ ೬, ಮಂಗಳವಾರ

ಚಾಂಪಿಯನ್ ರೀಫ್ಸ್ ಗೇಟಿನ ಎದುರು ರಸ್ತೆ ಬದಿಯಲ್ಲಿ ಗೋಣಿ ಹಾಸಿ ಕೂತಿದ್ದೇನೆ. ಮೂರು ಕಲ್ಲು ಹೂಡಿ ಒಲೆ. ಗಾಳಿಗೆ ಬೆಂಕಿ ಒಂದು ಕಡೆ ಉರಿಯುತ್ತದೆ, ಪುರಿ ಅರ್ಧ ಅರಳುತ್ತದೆ. ಗಣಿಯ ಕೂಗಾದ ಕೂಡಲೇ ಎಲ್ಲರೂ ಮೈಮೇಲೆ ಬೀಳುತ್ತಾರೆ. ಇದ್ದಿಲಿನಿಂದ ಒಂದು ಗೆರೆ ಎಳೆದು, ಇದರ ಮೇಲೆ ಒಬ್ಬರ ಹಿಂದೆ ಒಬ್ಬರು ನಿಲ್ಲದಿದ್ದರೆ ಒಂದು ಕಾಳೂ ಕೊಡುವುದಿಲ್ಲ ಎಂದೆ. ಶಿಸ್ತಿಲ್ಲದ ಜನ.

ಯಾರೋ "ಕುಪ್ಪುಸ್ವಾಮಿ ಎಂಗೆ, ಪಾಟಿ?" ಎಂದು ಕೇಳಿದರು. ಎಲ್ಲಿ ಎಂದು ನನ್ನನ್ನೇಕೆ ಕೇಳುವುದು? ಸತ್ತ ಎಂದೆ. ಕೇಳಿದವನ ಮುಖ ಕಪ್ಪಿಟ್ಟಿತು. ಇಲ್ಲ, ಇದ್ದಾನೆ, ಎಲ್ಲೋ ಇರಬೇಕು ಎಂದು ತಿದ್ದಿದೆ.

ರಾತ್ರಿಗೆ ಕೈ ಮರೆತು ಎರಡು ಮುದ್ದೆ ಕಟ್ಟಿದೆ. ವಯಸ್ಸಾಯಿತು.

೧೯೬೪ ಅಕ್ಟೋಬರ್ ೧೯, ಸೋಮವಾರ

ಪಾಪಕ್ಕ ಬಂಗಾರಪೇಟೆಗೆ ಹೋಗಿದ್ದವಳು ಅವನನ್ನು ನೋಡಿದಳಂತೆ. ಸ್ಟೇಷನ್ನಿನ ಹಿಂದೆ ಒಂದು ಗೋಡೌನಿಗೆ ವಾಚ್‌ಮನ್ನು. ಜಮಾದಾರನೇ ಕೊಡಿಸಿದ ಕೆಲಸ. ಹಗಲೆಲ್ಲ ನಿಂತಿರಬೇಕಂತೆ.

ನಾನೇನೂ ಕೇಳಲಿಲ್ಲ. ಬೂಟು ಹಾಕಿದ್ದನಾ, ಬರಿಗಾಲಾ ಎಂದು ಮಾತ್ರ ಕೇಳಿದೆ. ಪಾಪಕ್ಕ ನೋಡಿರಲಿಲ್ಲ. ಬೇಡದ್ದೆಲ್ಲ ನೋಡುತ್ತಾಳೆ.

೧೯೬೪ ನವೆಂಬರ್ ೩, ಮಂಗಳವಾರ

ಮಾರ್ಕೆಟ್ ಆಫೀಸಿಗೆ ಇದು ಐದನೆಯ ಸಲ. ಗುಮಾಸ್ತ ಆದಿನಾರಾಯಣ ಒಳ್ಳೆಯವನು. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಎರಡು ಕಾಗದವನ್ನೂ ಓದಿದ.

"ಅವ್ವಾ, ನಿನ್ ಕಾಗ್ದಾನ ನೀನೇ ಬರ್ದಿರೋದು, ನೀನೇ ಸುಳ್ಳು ಅಂದ್ರೆ ಯಾರೂ ಕೇಳಲ್ಲ. ಆದ್ರೆ ಜಾಗ ಯಾರ ಎಸರಿಗಾಗಿತ್ತೋ ಆ ಸಿಪಾಯಿನೇ ಬಂದು, ಇಬ್ರೂ ಕೂತ್ಕೊಳ್ಳೋ ಮಾತಿನ ಮೇಲೆ ಈ ಯಮ್ಮ ಬಿಟ್ಕೊಟ್ಟಿದ್ದು, ನನ್ ಕೈಲಿ ಬಲವಂತಕ್ಕೆ ಸೈನ್ ಆಕ್ಸಿದ್ರು ಅಂತ ಸಾಹೇಬ್ರ ಮುಂದೆ ಏಳಿದ್ರೆ, ಆಗ ತಿರ್ಗಾ ನೋಡ್ತಾರೆ. ಡಿಸೆಂಬರ್ ಮೂರ್ನೇ ತಾರೀಕು ವಿಚಾರಣೆ ಇಟ್ಟೈತೆ."

"ಜಮಾದಾರ್ ಬತ್ತಾನಾ ಅವತ್ತು?"

"ಬರ್ದೇ ಇರ್ತಾನಾ? ಎದುರ್ಗೇ ಕೂತಿರ್ತಾನೆ."

ಹಾಗಾದರೆ ಮುಗಿಯಿತು. ಜಮಾದಾರನ ಎದುರು ಅವನ ಬಾಯಿ ತೆರೆಯುವುದೇ?

೧೯೬೪ ನವೆಂಬರ್ ೧೫, ಭಾನುವಾರ

ಸೊಣ್ಣಪ್ಪ ಬಂದಿದ್ದ. "ಓಗ್ಲಿ ಬಿಡಮ್ಮಾ, ನಮ್ ಮನೇಲೇ ಬಂದಿರು. ಮಂಗಮ್ಮಾನೂ ಅದೇ ಅಂತಾಳೆ" ಎಂದ. ಮಂಗಮ್ಮ ಅಡುಗೆಮನೆಯ ಪಕ್ಕದಲ್ಲಿ ಜಾಗ ಗುಡಿಸಿ ಇಟ್ಟಿದ್ದಾಳಂತೆ. ಎಷ್ಟು ಅಗಲ ಎಂದು ಕೇಳಿದೆ. ಒಂದು ಚಾಪೆ ಹಿಡಿಸುತ್ತದೆ ಎಂದ. ಮಗ ಕೆಟ್ಟವನಲ್ಲ. ಆದರೆ ಚಾಪೆಯ ಅಳತೆಯನ್ನು ಹೇಳುವಾಗ ಅವನಿಗೆ ಏನೂ ಅನ್ನಿಸಲಿಲ್ಲ.

೧೯೬೪ ನವೆಂಬರ್ ೧೬, ಸೋಮವಾರ

ಅಂಚೆ ಕಚೇರಿಯಿಂದ ಜವಾಬು ಕಾರ್ಡು ತಂದಿದ್ದೇನೆ. ಒಂದು ನನ್ನದು, ಅದಕ್ಕೇ ಅಂಟಿಕೊಂಡ ಇನ್ನೊಂದು ಅವನು ಉತ್ತರ ಬರೆಯಲು. ಚಿತ್ತಾದರೆ ಕಾರ್ಡು ದಂಡ. ಮೊದಲು ಇಲ್ಲಿ ಬರೆದು, ಆಮೇಲೆ ಹಿಡಿಸುವಷ್ಟನ್ನು ಅದಕ್ಕೆ ಇಳಿಸುತ್ತೇನೆ.

ಕುಪ್ಪುಸ್ವಾಮಿಗೆ ಅಕ್ಕಯ್ಯಮ್ಮ ಬರೆಯುವುದು. ಆಶೀರ್ವಾದ ಇಲ್ಲ. ಕನ್ನಡ ಓದಲು ಬರದಿದ್ದರೆ ಸ್ಟೇಷನ್ನಿನಲ್ಲಿ ಯಾರಿಂದಲಾದರೂ ಓದಿಸಿಕೊ. ಓದುವವನಿಗೂ ನೀನು ಮಾಡಿದ ಕೆಲಸ ತಿಳಿಯಲಿ.

ನಾನು ಈ ಕೈಯಿಂದ ಬರೆದು ಜಾಗ ಕಳೆದುಕೊಂಡೆ. ಒಬ್ಬ ಹೊಗಳಿದ ಎಂದು ಹಿಗ್ಗಿ ಬರೆದೆ. ನೀನು ಒಬ್ಬ ಬೆರಳು ತೋರಿಸಿದ ಎಂದು ಸೈನು ಹಾಕಿದೆ. ನನ್ನದು ದಡ್ಡತನ. ನಿನ್ನದು ಅದಕ್ಕಿಂತ ದೊಡ್ಡದು, ಯಾಕೆಂದರೆ ನೀನು ಓದಿ ಹಾಕಿದೆ, ಆಮೇಲೆ ಎರಡು ದಿನ ನನ್ನ ಊಟ ಉಂಡೆ. ಅದನ್ನು ನಾನು ಮರೆಯುವುದಿಲ್ಲ, ಮರೆತೆ ಎಂದು ಯಾರಾದರೂ ಹೇಳಿದರೆ ನಂಬಬೇಡ.

ಡಿಸೆಂಬರ್ ಮೂರನೇ ತಾರೀಕು ಗುರುವಾರ ಬೆಳಿಗ್ಗೆ ಮಾರ್ಕೆಟ್ ಆಫೀಸಿನಲ್ಲಿ ವಿಚಾರಣೆ. ಜಮಾದಾರ್ ಎದುರಿಗೇ ಇರುತ್ತಾನೆ, ಮುಚ್ಚಿಡುವುದಿಲ್ಲ. ನೀನು ಬಂದು ನಡೆದದ್ದನ್ನು ಹೇಳಿದರೆ ಜಾಗ ನನಗೆ ಸಿಕ್ಕರೂ ಸಿಗಬಹುದು. ನಿನ್ನ ವಾಚ್‌ಮನ್ ಕೆಲಸ ಮಾತ್ರ ಹೋಗುತ್ತದೆ, ಅದು ಖಂಡಿತ. ಹೋದರೆ ಇಲ್ಲಿ ಬಾಣಲೆ ಇದೆ. ಗಾಳಿಯಲ್ಲಿ ಮರಳಿನ ಸದ್ದು ನನ್ನ ಕಿವಿಗೆ ಸರಿಯಾಗಿ ಹತ್ತುತ್ತಿಲ್ಲ. ನಿಂತುಕೊಂಡೇ ಮಾಡಬೇಕೆಂದು ಏನೂ ಇಲ್ಲ, ಕೂರಲು ಒಂದು ಪೆಟ್ಟಿಗೆ ಹಾಕಿಸಬಹುದು. ಇದನ್ನು ಕ್ಷಮೆ ಎಂದು ತಿಳಿಯಬೇಡ. ಕೆಲಸಕ್ಕೆ ಆಳು ಬೇಕು, ಅಷ್ಟೇ.

ಬರುವೆಯಾದರೆ ಬರುತ್ತೇನೆ ಎಂದು ಬರೆ. ಆಗುವುದಿಲ್ಲವಾದರೆ ಇಲ್ಲ ಎಂದು ಬರೆ. ಸುಮ್ಮನೆ ಮಾತ್ರ ಇರಬೇಡ. ಆಯುಸ್ಸಿನಲ್ಲಿ ಒಬ್ಬರಿಗಾದರೂ ಇಲ್ಲ ಅನ್ನುವುದನ್ನು ಕಲಿಯಬೇಕು ನೀನು. ನನ್ನಿಂದಲೇ ಶುರು ಮಾಡಿದರೂ ಸರಿ, ತಡೆದುಕೊಳ್ಳುತ್ತೇನೆ. ಆಮೇಲೆ ಅವನ ಎದುರು ನಿಂತು ಹೇಳುವುದು ಅಷ್ಟು ಕಷ್ಟವಾಗುವುದಿಲ್ಲ.

ಉತ್ತರದ ಕಾರ್ಡು ಇದಕ್ಕೇ ಅಂಟಿಕೊಂಡಿದೆ. ನನ್ನ ವಿಳಾಸವನ್ನು ನಾನೇ ಬರೆದಿದ್ದೇನೆ. ಇದು ಜಮಾದಾರ್ ಸಾಹೇಬನ ಆರ್ಡರ್ ಅಲ್ಲ, ನನ್ನದು: ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ನನ್ನ ಕೈಗೆ ಬರಬೇಕು.